ಮೀನಿನ ತೊಟ್ಟಿಯ ಚೌಕಟ್ಟು: ಎರಕದ ಕಬ್ಬಿಣದಿಂದ ಸಿಲಿಕೋನ್‌ವರೆಗೆ

ಜಲಸಸ್ಯ, ಮೀನು ಮತ್ತು ಬಸವನಹುಳುಗಳು ಒಂದೇ ಪಾತ್ರೆಯಲ್ಲಿ ಪರಸ್ಪರ ಪೋಷಕವಾಗಿ ಬದುಕಬಲ್ಲವೆಂಬುದನ್ನು ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ 1850ರಲ್ಲಿ ಲಂಡನ್ನಿನಲ್ಲಿ ನಿರೂಪಿಸಿದನು. 1853ರಲ್ಲಿ ಅಲ್ಲಿನ ರೀಜೆಂಟ್ಸ್ ಪಾರ್ಕ್ ಮೃಗಾಲಯದಲ್ಲಿ ಸಾರ್ವಜನಿಕ ಮತ್ಸ್ಯಾಗಾರ ತೆರೆಯಿತು. ಮರುವರ್ಷ ಫಿಲಿಪ್ ಹೆನ್ರಿ ಗಾಸ್ ಮತ್ಸ್ಯಾಗಾರದ ಕುರಿತು ಬರೆದ ಗ್ರಂಥ ಪ್ರಕಟವಾಗಿ, ತೊಟ್ಟಿಯಲ್ಲಿ ಮೀನು ಸಾಕುವ ಹವ್ಯಾಸ ಮನೆಗಳಿಗೂ ಹಬ್ಬಿತು.

ಗಾಜಿಗೆ ಗಾಜನ್ನೇ ಅಂಟಿಸಿ ನೀರು ತಡೆಯಬಲ್ಲ ಬಾಳಿಕೆಯ ಅಂಟು ಆ ಕಾಲದಲ್ಲಿ ಇರಲಿಲ್ಲವಾದ್ದರಿಂದ, ಸ್ಲೇಟ್ ಕಲ್ಲಿನ ತಳದ ಮೇಲೆ ಎರಕದ ಕಬ್ಬಿಣದ ಚೌಕಟ್ಟನ್ನು ನಿಲ್ಲಿಸಿ, ಅಗಸೆ ಎಣ್ಣೆಯಲ್ಲಿ ಸೀಸದ ಸಂಯುಕ್ತವನ್ನು ಕಲಸಿದ ಪುಟ್ಟಿಯನ್ನು ಅದರ ಒಳಮೈಗೆ ಮೆತ್ತಿ ಗಾಜನ್ನು ಕೂರಿಸುತ್ತಿದ್ದರು. ನೀರಿನ ಒತ್ತಡವು ಗಾಜನ್ನು ಹೊರಕ್ಕೆ, ಅಂದರೆ ಪುಟ್ಟಿಯ ಕಡೆಗೇ ತಳ್ಳುತ್ತಿದ್ದುದರಿಂದ ತೊಟ್ಟಿ ತುಂಬಿದಷ್ಟೂ ಬೆಸುಗೆ ಬಿಗಿಯಾಗುತ್ತಿತ್ತು. ಆ ಒತ್ತಡ ಅಲ್ಪವೇನಲ್ಲ: ಒಂದು ಮೀಟರ್ ಉದ್ದದ ತೊಟ್ಟಿಯಲ್ಲಿ 50 ಸೆಂಟಿಮೀಟರ್ ಎತ್ತರಕ್ಕೆ ನೀರು ನಿಂತರೆ ಮುಂದಿನ ಗಾಜೊಂದರ ಮೇಲೆಯೇ ಸುಮಾರು 125 ಕಿಲೋಗ್ರಾಂ ತೂಕಕ್ಕೆ ಸಮನಾದ ಬಲ ಬೀಳುತ್ತದೆ, ನೀರಿನ ಎತ್ತರ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟಾಗುತ್ತದೆ.

ಮುಂದೆ ತುಕ್ಕುರಹಿತ ಉಕ್ಕಿನ ಚೌಕಟ್ಟುಗಳು ಬಂದರೂ, ಒಣಗಿದರೆ ಬಿರುಕು ಬಿಡುವ ಪುಟ್ಟಿಯ ದೌರ್ಬಲ್ಯ ಉಳಿದೇ ಇತ್ತು. 1960ರ ದಶಕದಲ್ಲಿ ಸಿಲಿಕೋನ್ ಅಂಟು, ಅಂದರೆ ಗಟ್ಟಿಯಾದ ಬಳಿಕವೂ ರಬ್ಬರಿನಂತೆ ಬಾಗುವ ಅಂಟು, ಬಳಕೆಗೆ ಬಂದಾಗ ಗಾಜಿನ ಅಂಚುಗಳನ್ನೇ ನೇರವಾಗಿ ಕೂಡಿಸುವುದು ಸಾಧ್ಯವಾಯಿತು. ಉದ್ದನೆಯ ತೊಟ್ಟಿಗಳಲ್ಲಿ ಗಾಜಿನ ಮೇಲಂಚು ನಡುವೆ ಹೊರಕ್ಕೆ ಉಬ್ಬದಂತೆ ತಡೆಯುವ ಪ್ಲಾಸ್ಟಿಕ್ ಪಟ್ಟಿ ಮತ್ತು ಅಡ್ಡಪಟ್ಟಿಯಾಗಿ ಮಾತ್ರ ಚೌಕಟ್ಟು ಉಳಿಯಿತು.

ದುರಸ್ತಿಯ ಕ್ರಮವೂ ಈ ಇತಿಹಾಸವನ್ನೇ ಅನುಸರಿಸುತ್ತದೆ. ಲೋಹದ ಚೌಕಟ್ಟಿನ ತೊಟ್ಟಿ ವರ್ಷಗಟ್ಟಲೆ ಒಣಗಿ ಬಿದ್ದಿದ್ದರೆ ಪುಟ್ಟಿ ಕುಗ್ಗಿ ಬಿರುಕು ಬಿಟ್ಟಿರುತ್ತದೆ. ಅದರಲ್ಲಿ ಸೀಸ ಇರಬಹುದಾದ್ದರಿಂದ ದೂಳೇಳದಂತೆ ಒದ್ದೆ ಮಾಡಿಯೇ ಕೆರೆಯಬೇಕು. ಕಬ್ಬಿಣದ ತುಕ್ಕನ್ನು ತೆಗೆದು ಬಣ್ಣ ಬಳಿದ ನಂತರ ಒಳಮೂಲೆಗಳಿಗೆ ಸಿಲಿಕೋನ್ ಹಾಕಬೇಕು. ಗಾಜಿನ ತೊಟ್ಟಿಯಾದರೆ, ಗಟ್ಟಿಯಾದ ಹಳೆಯ ಸಿಲಿಕೋನಿಗೆ ಹೊಸದು ಸರಿಯಾಗಿ ಹಿಡಿಯದ ಕಾರಣ, ಹಳೆಯದನ್ನು ಬ್ಲೇಡಿನಿಂದ ಪೂರ್ತಿ ಕೆರೆದು ಅಸಿಟೋನ್‌ನಿಂದ ಒರೆಸುವುದು ಅಗತ್ಯ. ಬೂಷ್ಟು ತಡೆಯುವ ರಾಸಾಯನಿಕ ಬೆರೆಸಿದ ಸ್ನಾನಗೃಹದ ಸಿಲಿಕೋನ್ ಮೀನುಗಳಿಗೆ ಅಪಾಯಕಾರಿ.

ಅಡ್ಡಪಟ್ಟಿ ಮುರಿದಿದ್ದರೆ ಮೊದಲು ನೀರನ್ನು ಖಾಲಿ ಮಾಡಿ, ಉಬ್ಬಿದ ಗಾಜು ನೇರವಾಗಲು ಬಿಡಬೇಕು. ಬಳಿಕ ಗೋಡೆಯ ಗಾಜಿಗಿಂತ ತೆಳುವಲ್ಲದ ಗಾಜಿನ ಪಟ್ಟಿಯೊಂದನ್ನು ಎರಡೂ ಉದ್ದಗೋಡೆಗಳಿಗೆ ತಗಲುವಂತೆ ಸಿಲಿಕೋನಿನಿಂದ ಕೂರಿಸಬೇಕು. ವಿನೆಗರ್ ವಾಸನೆ ಬೀರುವ ಬಗೆಯ ಸಿಲಿಕೋನಾದರೆ ಆ ವಾಸನೆ ಪೂರ್ತಿ ಹೋಗುವವರೆಗೂ ಕಾದು, ಸಮತಟ್ಟಾದ ಪೀಠದ ಮೇಲಿಟ್ಟು, ಹಂತಹಂತವಾಗಿ ನೀರು ತುಂಬಿ ಪರೀಕ್ಷಿಸುವುದು ಕ್ಷೇಮ.

ಮೇಲಿನ ಪಟ್ಟಿಯನ್ನು ಅಲಂಕಾರವೆಂದು ಭಾವಿಸಿ ಕಿತ್ತುಹಾಕುವುದು ತೊಟ್ಟಿಗೂ ಅದರೊಳಗಿನ ಜೀವಗಳಿಗೂ ಅಪಾಯ. ಆದುದರಿಂದ ಹಳೆಯ ತೊಟ್ಟಿಗೆ ಕೈಹಚ್ಚುವವರು ಅದರ ಚೌಕಟ್ಟು ಯಾವ ಭಾರವನ್ನು ಹೊರುತ್ತಿದೆ ಎಂಬುದನ್ನು ಮೊದಲು ಅರಿತುಕೊಳ್ಳಬೇಕು.