ಕೆಳಗೆ ಅಂಗಡಿ, ಮೇಲೆ ಮನೆ: ಪರವಾನಗಿ ಪತ್ರವೇ ಬುನಾದಿ

ಕೆಳಗೆ ಅಂಗಡಿ, ಮೇಲೆ ಮನೆ ಎಂಬುದು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗಗಳ ಪೇಟೆಗೆ ಹೊಸ ಸಂಗತಿಯಲ್ಲ. ಒಂದೇ ಮನೆತನದ ವ್ಯಾಪಾರ ಮತ್ತು ವಾಸ ಒಂದೇ ಸೂರಿನಡಿ ತಲೆಮಾರುಗಳಿಂದ ನಡೆದುಬಂದಿವೆ. ಆದರೆ ಅಂತಹ ನಿವೇಶನದಲ್ಲಿ ಹಲವು ಮಳಿಗೆ ಹಾಗೂ ಫ್ಲ್ಯಾಟುಗಳ ಸಂಕೀರ್ಣ ಎದ್ದಾಗ ಮಾಲೀಕರು ಪರಸ್ಪರ ಅಪರಿಚಿತರಾಗಿರುತ್ತಾರೆ. ನೀರು, ಒಳಚರಂಡಿ, ವಾಹನ ನಿಲುಗಡೆ, ಸರಕು ಇಳಿಸುವ ಜಾಗ ಎಲ್ಲವೂ ಹಂಚಿಕೆಯ ವಿಷಯಗಳಾಗುತ್ತವೆ. ಹೀಗಾಗಿ ಕಟ್ಟಡದ ಪರವಾನಗಿಯು ಕೇವಲ ಬಿಲ್ಡರನ ಚಿಂತೆಯಲ್ಲ, ಮಳಿಗೆ ಕೊಳ್ಳುವ ವರ್ತಕನ ಚಿಂತೆಯೂ ಹೌದು.

ಪರವಾನಗಿಗೆ ಹಲವು ಮೆಟ್ಟಿಲುಗಳಿವೆ. ಜಮೀನು ಕೃಷಿಯದಾಗಿದ್ದರೆ, ಈ ಭಾಗದಲ್ಲಿ ‘ಎನ್.ಎ.’ ಎಂದೇ ರೂಢಿಯಲ್ಲಿರುವ ಭೂಪರಿವರ್ತನೆ ಮೊದಲನೆಯದು. ಇದು 1964ರ ಕರ್ನಾಟಕ ಭೂಕಂದಾಯ ಅಧಿನಿಯಮದ 95ನೇ ಕಲಮಿನಡಿ ಆಗಬೇಕು. ಮಹಾಯೋಜನೆಯಲ್ಲಿ ಆ ಸ್ಥಳ ವಸತಿ ವಲಯವೆಂದಿದ್ದು ಅಲ್ಲಿ ಅನುಮತಿಯಿಲ್ಲದ ವಾಣಿಜ್ಯ ಉಪಯೋಗ ಬೇಕಾದರೆ, 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ 14-ಎ ಕಲಮಿನನ್ವಯ ಭೂಬಳಕೆ ಬದಲಾವಣೆ ಪಡೆಯಬೇಕು. ನಿವೇಶನದ ವಿನ್ಯಾಸಕ್ಕೆ ಯೋಜನಾ ಪ್ರಾಧಿಕಾರದ ಮಂಜೂರಾತಿ ಬೇಕು. ಕೊನೆಗೆ, 1964ರ ಪುರಸಭೆಗಳ ಅಧಿನಿಯಮದ 187ನೇ ಕಲಮಿನಂತೆ ಕಟ್ಟಡ ಪರವಾನಗಿ. ಇದನ್ನು ಬೈಲಹೊಂಗಲ, ಸವದತ್ತಿ, ರಾಮದುರ್ಗಗಳಲ್ಲಿ ಪುರಸಭೆ ಹಾಗೂ ಕಿತ್ತೂರಿನಲ್ಲಿ ಪಟ್ಟಣ ಪಂಚಾಯಿತಿ ನೀಡುತ್ತದೆ. ಯೋಜನಾ ಅಧಿನಿಯಮದ ವ್ಯಾಖ್ಯೆಯಂತೆ, ಗೋಡೆ ಕಟ್ಟುವುದಷ್ಟೇ ಅಲ್ಲ, ಕಟ್ಟಡದ ಉಪಯೋಗವನ್ನು ಗಣನೀಯವಾಗಿ ಬದಲಿಸುವುದೂ ‘ಅಭಿವೃದ್ಧಿ’ಯೇ. ನಿಲುಗಡೆಗೆಂದು ತೋರಿಸಿದ ನೆಲಮಾಳಿಗೆಯನ್ನು ಗೋದಾಮು ಮಾಡಿಕೊಂಡವರು ಇದನ್ನು ನೆನಪಿಡಬೇಕು.

ಈ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2024ರ ಡಿಸೆಂಬರ್ 17ರಂದು ನೀಡಿದ ತೀರ್ಪು ಪ್ರತಿಯೊಬ್ಬ ವರ್ತಕನಿಗೂ ತಿಳಿದಿರಬೇಕಾದುದು. ಉತ್ತರ ಪ್ರದೇಶದ ಮೀರತ್‌ನ ಶಾಸ್ತ್ರಿನಗರದಲ್ಲಿ ವಸತಿಗೆಂದು ಹಂಚಿಕೆಯಾದ ನಿವೇಶನದಲ್ಲಿ ಅಂಗಡಿಗಳೆದ್ದ ಪ್ರಕರಣವದು. ನ್ಯಾಯಾಲಯವು ತೆರವಿನ ಆದೇಶವನ್ನು ಎತ್ತಿಹಿಡಿಯಿತು. ಎಷ್ಟೋ ವರ್ಷಗಳಿಂದ ವ್ಯಾಪಾರ ನಡೆದಿದೆ, ಅಧಿಕಾರಿಗಳು ತಡೆಯಲಿಲ್ಲ ಎಂಬ ವಾದ ನಿಲ್ಲಲಿಲ್ಲ. ಅನಧಿಕೃತ ಕಟ್ಟಡದಲ್ಲಿ ಯಾವ ವ್ಯಾಪಾರಕ್ಕೂ ಪರವಾನಗಿ ನೀಡಕೂಡದು. ಸ್ವಾಧೀನಾನುಭವ ಪ್ರಮಾಣಪತ್ರವನ್ನು ನೋಡಿದ ಬಳಿಕವೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು. ಬ್ಯಾಂಕುಗಳೂ ಅದನ್ನು ಪರಿಶೀಲಿಸಿಯೇ ಕಟ್ಟಡದ ಮೇಲೆ ಸಾಲ ನೀಡಬೇಕು. ಮಂಜೂರಾದ ನಕ್ಷೆಯನ್ನು ಕಾಮಗಾರಿ ಸ್ಥಳದಲ್ಲಿ ಪ್ರದರ್ಶಿಸಬೇಕು ಎಂಬ ನಿರ್ದೇಶನಗಳು ಹೊರಬಿದ್ದವು. ಅಂದರೆ ಬಿಲ್ಡರನ ತಪ್ಪಿಗೆ ಮಳಿಗೆದಾರನ ಉದ್ದಿಮೆ ಪರವಾನಗಿ, ಮೀಟರು, ಸಾಲ ಮೂರೂ ಸಿಲುಕಿಕೊಳ್ಳಬಹುದು.

ಇದರೊಂದಿಗೆ 2016ರ ರೇರಾ ಅಧಿನಿಯಮವಿದೆ. ಜಮೀನು 500 ಚದರ ಮೀಟರ್ ಮೀರಿದ್ದರೆ ಮತ್ತು ಘಟಕಗಳು 8ಕ್ಕಿಂತ ಹೆಚ್ಚಿದ್ದರೆ, ನೋಂದಣಿಯಿಲ್ಲದೆ ಜಾಹೀರಾತು ನೀಡುವಂತಿಲ್ಲ, ಬುಕಿಂಗ್ ಮಾಡುವಂತಿಲ್ಲ. ಮಾರಾಟ ಕರಾರು ನೋಂದಣಿಯಾಗದೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಮುಂಗಡ ಪಡೆಯಕೂಡದು. ಖರೀದಿದಾರರಿಂದ ಬಂದ ಹಣದ ಶೇ. 70ನ್ನು ಜಮೀನು ಮತ್ತು ನಿರ್ಮಾಣದ ವೆಚ್ಚಕ್ಕಾಗಿ ಪ್ರತ್ಯೇಕ ಖಾತೆಯಲ್ಲಿಡಬೇಕು. ಈ ಕಾಯಿದೆ ಫ್ಲ್ಯಾಟಿಗಷ್ಟೇ ಅಲ್ಲ, ಅಂಗಡಿ, ಕಚೇರಿ, ಗೋದಾಮುಗಳಿಗೂ ಅನ್ವಯಿಸುತ್ತದೆ.

ಪ್ರತಿ ಊರಿಗೂ ತನ್ನದೇ ಆದ ಎಚ್ಚರಿಕೆಯಿದೆ. ಬೈಲಹೊಂಗಲದ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಮಣ್ಣು ಪರೀಕ್ಷೆಯಿಲ್ಲದೆ ಅಡಿಪಾಯ ಹಾಕುವುದು ಸಲ್ಲದು. ರಾಮದುರ್ಗದಲ್ಲಿ ನೆಲಮಾಳಿಗೆ ಯೋಜಿಸುವವರು 2019ರ ಆಗಸ್ಟ್‌ನ ಮಲಪ್ರಭೆಯ ಪ್ರವಾಹವನ್ನು ಮರೆಯಬಾರದು. ಯಲ್ಲಮ್ಮನ ಗುಡ್ಡಕ್ಕೆ ಸಾಗುವ ಭಕ್ತರ ವಾಹನಗಳಿಂದ ತುಂಬುವ ಸವದತ್ತಿಯಲ್ಲಿ ನಿಲುಗಡೆಯ ಜಾಗ ನಕ್ಷೆಗಷ್ಟೇ ಸೀಮಿತವಾಗಿ ಉಳಿಯಕೂಡದು. ಕಿತ್ತೂರಿನ ಕೋಟೆಯ ಸನಿಹದ ನಿವೇಶನವಾದರೆ ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿಯೇ ಮುಂದುವರಿಯುವುದು ಲೇಸು.

ಮುಂಗಡ ಕೊಡುವ ಮುನ್ನ ಉತಾರ, ಭೂಪರಿವರ್ತನೆ ಆದೇಶ, ಮಂಜೂರಾದ ನಕ್ಷೆ, ರೇರಾ ನೋಂದಣಿ ಸಂಖ್ಯೆ ಇಷ್ಟನ್ನು ಕೇಳಿ ಪಡೆಯಬೇಕು. ತಾವು ಕೊಳ್ಳಲಿರುವ ಮಳಿಗೆ ಆ ನಕ್ಷೆಯಲ್ಲಿ ಮಳಿಗೆಯೆಂದೇ ನಮೂದಾಗಿದೆಯೇ ಎಂದು ಕಣ್ಣಾರೆ ನೋಡಬೇಕು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಫಲವಿಲ್ಲ.