ಹೊಗಳಿಕೆಯೋ ತೆಗಳಿಕೆಯೋ: ಆಡುಮಾತಿನಲ್ಲಿ ಮೈಕಟ್ಟಿನ ಪದಗಳು

ಕನ್ನಡದ ಆಡುಮಾತಿನಲ್ಲಿ ಮನುಷ್ಯನ ಮೈಕಟ್ಟನ್ನು ಹೆಸರಿಸುವ ಪದಸಂಪತ್ತು ವಿಪುಲವಾದುದು. ಗುಂಡ, ಡುಮ್ಮ, ದಡಿಯ, ಠೊಣಪ, ಧಡೂತಿ ಎಂಬವು ಒಂದು ಬಗೆ; ಸಣಕಲ, ಒಣಕಲ, ಬಡಕಲ, ಪೀಚಲು, ನರಪೇತಲ ಎಂಬವು ಇನ್ನೊಂದು ಬಗೆ. ಎತ್ತರವನ್ನು ಕುರಿತು ಕುಳ್ಳ, ಗಿಡ್ಡ, ಲಂಬು ಮುಂತಾದವುಗಳಿವೆ. ಗುಡಾಣದಂಥ ಹೊಟ್ಟೆ, ಹಂಚಿಕಡ್ಡಿಯಂಥ ಕೈಕಾಲು, ಅಡಕೆಮರದಂತೆ ಬೆಳೆದವನು ಎಂಬ ಉಪಮೆಗಳನ್ನೂ ಸೇರಿಸಿದರೆ ಪಟ್ಟಿ ಇನ್ನೂ ಬೆಳೆಯುತ್ತದೆ. ನಿಘಂಟುಗಳು ಇವುಗಳಿಗೆ ದಪ್ಪನೆಯವನು, ತೆಳ್ಳನೆಯವನು, ಗಿಡ್ಡನೆಯವನು ಎಂಬ ಅರ್ಥಗಳನ್ನು ನೀಡಿ ಸುಮ್ಮನಾಗುತ್ತವೆ. ಆದರೆ ಹಳ್ಳಿಯ ಜಗಲಿಯಲ್ಲಾಗಲಿ ಶಾಲೆಯ ಅಂಗಳದಲ್ಲಾಗಲಿ ಈ ಪದವನ್ನು ಕೇಳಿಸಿಕೊಂಡವನಿಗೆ ಬೇಕಾಗಿರುವುದು ಆ ಅರ್ಥವಲ್ಲ. ಆಡಿದವರು ತನ್ನನ್ನು ಹೊಗಳಿದರೋ, ತೆಗಳಿದರೋ, ಬರಿದೆ ಮುದ್ದಿಸಿದರೋ ಎಂಬುದು ಅವನ ಪ್ರಶ್ನೆ.

ಮೈಯನ್ನು ಕುರಿತು ಹೊಗಳದೆ ತೆಗಳದೆ ಮಾತನಾಡುವ ಒಂದು ಕನ್ನಡವೂ ಇದೆ. ಕಾಣೆಯಾದವರನ್ನು ಕುರಿತು ಪೊಲೀಸ್ ಠಾಣೆಗಳು ಪತ್ರಿಕೆಗಳಿಗೆ ನೀಡುವ ಪ್ರಕಟಣೆಗಳ ಕನ್ನಡವದು. ಸಾಧಾರಣ ಮೈಕಟ್ಟು, ದೃಢಕಾಯ ಶರೀರ, ಕೋಲುಮುಖ, ದುಂಡುಮುಖ, ಎಣ್ಣೆಗೆಂಪು ಬಣ್ಣ ಎಂಬ ಅಲ್ಲಿನ ಮಾತುಗಳಿಂದ ಯಾರಿಗೂ ನೋವಾಗುವುದಿಲ್ಲ, ಸಂತೋಷವೂ ಆಗುವುದಿಲ್ಲ. ಆ ಮಾತನ್ನು ಮನೆಯಲ್ಲಿ ಯಾರೂ ಆಡುವುದಿಲ್ಲ ಎಂಬುದೇ ಇದಕ್ಕೆ ಕಾರಣ. ಮನೆಮಾತಿನೊಳಕ್ಕೆ ಬಂದ ಕೂಡಲೆ ಮೈಯ ಪದಕ್ಕೆ ಒಂದು ಒಲವು ಅಥವಾ ಮುನಿಸು ಅಂಟಿಕೊಳ್ಳುತ್ತದೆ.

ಮೊದಲಿಗೆ ಪದಗಳ ರಚನೆಯನ್ನೇ ಗಮನಿಸಬಹುದು. ತೆಳುಮೈಯನ್ನು ಹೆಸರಿಸುವ ಸಣಕಲು, ಒಣಕಲು, ಬಡಕಲು ಎಂಬ ಮೂರೂ ‘ಕಲು’ ಎಂಬ ಒಂದೇ ತುದಿಯನ್ನು ಹೊಂದಿವೆ. ಈ ತುದಿ ಬೇರೆಲ್ಲಿ ಬರುತ್ತದೆ? ಹರಕಲು ಚಾಪೆ, ಮುರುಕಲು ಬಂಡಿ, ಹುಳುಕಲು ಹಲ್ಲು ಎಂಬಲ್ಲಿ. ಕೆಟ್ಟುಹೋದ, ಬಳಕೆಗೆ ಒದಗದ ವಸ್ತುಗಳ ಸಾಲಿಗೆ ತೆಳ್ಳನೆಯ ಮನುಷ್ಯನನ್ನೂ ಈ ತುದಿ ಸೇರಿಸಿಬಿಡುತ್ತದೆ. ಸಣ್ಣ ಎಂಬ ಪದದಲ್ಲಿ ನಿಂದೆಯಿಲ್ಲ; ಸಣಕಲ ಎಂಬುದರಲ್ಲಿದೆ. ದಪ್ಪ ಮೈಯ ಪದಗಳಿಗೆ ಇಂಥ ತುದಿ ಹತ್ತುವುದಿಲ್ಲ. ಬದಲಿಗೆ ಅವು ಬಂಧುವಾಚಕಗಳೊಡನೆ ಸಲೀಸಾಗಿ ಕೂಡುತ್ತವೆ: ಗುಂಡಣ್ಣ, ಗುಂಡಮ್ಮ, ಡುಮ್ಮಣ್ಣ, ಡುಮ್ಮಕ್ಕ. ಸಣಕಲಣ್ಣ, ಬಡಕಲಕ್ಕ ಎಂದು ಮುದ್ದಿನಿಂದ ಕರೆಯುವ ರೂಢಿ ಇಲ್ಲ. ಗುಂಡು ಎಂಬುದಂತೂ ನಾಮಕರಣದ ಹೆಸರೇ ಆಗಿದೆ. ಡಿ.ವಿ. ಗುಂಡಪ್ಪನವರಾಗಲಿ, 1980ರಿಂದ 1983ರವರೆಗೆ ರಾಜ್ಯದ ಮುಖ್ಯಮಂತ್ರಿಯಾಗಿದ್ದ ಆರ್. ಗುಂಡೂರಾವ್ ಅವರಾಗಲಿ ಆ ಹೆಸರನ್ನು ಹೊತ್ತದ್ದರಲ್ಲಿ ಯಾರೂ ಕೊರತೆ ಕಂಡಿಲ್ಲ. ಹೆಸರಿನಲ್ಲಿರುವ ಗುಂಡು ಮೈಯ ಗುಂಡೇ ಆಗಿರಬೇಕಿಲ್ಲ, ಉರುಟುಗಲ್ಲಿನ ಗುಂಡೂ ಆಗಿರಬಹುದೆಂಬುದು ನಿಜ. ಸಣ್ಣಪ್ಪ, ಚಿಕ್ಕಣ್ಣ, ಪುಟ್ಟಮ್ಮ ಎಂಬ ಹೆಸರುಗಳೂ ಇವೆಯಲ್ಲ ಎಂಬ ಆಕ್ಷೇಪವೂ ಬರಬಹುದು. ಅವು ಸಾಮಾನ್ಯವಾಗಿ ಹುಟ್ಟಿನ ಹಿರಿಕಿರಿತನವನ್ನು ಹೇಳುವ ಹೆಸರುಗಳೇ ಹೊರತು ಮೈಯ ಅಳತೆಯವಲ್ಲ.

ಈ ಒಲವಿನ ಹಿನ್ನೆಲೆಯಲ್ಲಿ ಹಸಿವಿನ ದೀರ್ಘ ಇತಿಹಾಸವಿದೆ. ಧಾತು, ಈಶ್ವರ ಸಂವತ್ಸರಗಳಲ್ಲಿ, ಅಂದರೆ 1876–78ರಲ್ಲಿ, ಬಂದ ಬರದ ಮೊದಲು, 1871ರ ಜನಗಣತಿಯಲ್ಲಿ, ಮೈಸೂರು ಸಂಸ್ಥಾನದ ಜನಸಂಖ್ಯೆ 50 ಲಕ್ಷವನ್ನು ಮೀರಿತ್ತು. 1881ರ ಗಣತಿಯ ಹೊತ್ತಿಗೆ ಅದು ಸುಮಾರು 42 ಲಕ್ಷಕ್ಕೆ ಇಳಿದಿತ್ತು. ಉತ್ತರ ಕರ್ನಾಟಕದ ನೆನಪಿನಲ್ಲಿ ಅದಕ್ಕೂ ಹಿಂದಿನ ಡೋಗಿ ಬರ ಉಳಿದಿದೆ. ಇಂಥ ನೆನಪನ್ನು ಹೊತ್ತ ಸಮಾಜದಲ್ಲಿ ಎಲುಬು ಕಾಣುವ ಮೈ ಒಂದು ಸುದ್ದಿ. ತುಂಬಿದ ಮೈ ಇನ್ನೊಂದು ಸುದ್ದಿ. ‘ಬಡ’ ಎಂಬ ಪದ ಇದಕ್ಕೆ ಒಳ್ಳೆಯ ನಿದರ್ಶನ. ಕಿಟೆಲ್ ಅವರ 1894ರ ನಿಘಂಟಿನಲ್ಲಿ ಇದಕ್ಕೆ ಕೃಶತೆ, ದಾರಿದ್ರ್ಯ ಎರಡೂ ಅರ್ಥಗಳು ದೊರೆಯುತ್ತವೆ. ಬಡವ, ಬಡತನ, ಬಡಕಲು ಎಲ್ಲವೂ ಒಂದೇ ಬೇರಿನವು. ಇಂದಿಗೂ ಹಿರಿಯರು ‘ಯಾಕೆ ಇಷ್ಟು ಬಡವಾಗಿದ್ದೀಯ?’ ಎಂದು ಕೇಳಿದರೆ ಹಣದ ವಿಷಯ ಕೇಳುತ್ತಿಲ್ಲ, ಮೈಯ ವಿಷಯ ಕೇಳುತ್ತಿದ್ದಾರೆ. ಕುತೂಹಲದ ಸಂಗತಿಯೆಂದರೆ ಇದೇ ‘ಬಡ’ ಹಳೆಯ ಕಾವ್ಯಗಳ ಹೆಣ್ಣಿನ ವರ್ಣನೆಯಲ್ಲಿ ‘ಬಡನಡು’ ಎಂದು ಬಂದಾಗ ಅಪ್ಪಟ ಹೊಗಳಿಕೆಯಾಗುತ್ತದೆ. ಹೊಟ್ಟೆಗಿಲ್ಲದೆ ಬಡವಾದ ನಡುವಿಗೂ ಚೆಲುವಿಗಾಗಿ ಬಡವಾದ ನಡುವಿಗೂ ಇರುವ ಅಂತರ ಪದದಲ್ಲಿಲ್ಲ, ಅದನ್ನು ಬಳಸುವವರ ಅಡುಗೆಮನೆಯಲ್ಲಿದೆ.

ಈ ಅಂತರ ಅತ್ಯಂತ ಸ್ಪಷ್ಟವಾಗುವುದು ತವರಿಗೆ ಬಂದ ಮಗಳ ಸಂದರ್ಭದಲ್ಲಿ. ಹೊಸಿಲು ದಾಟುವ ಮೊದಲೇ ತಾಯಿಯ ಕಣ್ಣು ಮಗಳ ಕೆನ್ನೆ, ಕುತ್ತಿಗೆ, ಬಳೆ ಜಾರುವ ಕೈಗಳ ಮೇಲೆ ಹರಿಯುತ್ತದೆ. ‘ಯಾಕವ್ವ ಇಷ್ಟು ಸೊರಗಿದ್ದೀ?’ ಎಂಬ ಪ್ರಶ್ನೆ ಮಗಳಿಗೆ ಕೇಳಿದ್ದಾದರೂ ಉತ್ತರಿಸಬೇಕಾದವರು ಬೀಗರು. ಮೈ ಇಳಿದಿದ್ದರೆ ಗಂಡನ ಮನೆಯವರ ಮೇಲೆ ಅದೊಂದು ಆರೋಪ. ಮೈ ತುಂಬಿದ್ದರೆ ಅವರಿಗೆ ಕೊಟ್ಟ ಮೆಚ್ಚುಗೆಯ ಪತ್ರ. ಬಾಯಿಬಿಟ್ಟು ಹೇಳಲಾಗದ ಕಷ್ಟವನ್ನು ಮೈಯೇ ಹೇಳುತ್ತಿತ್ತು. 1931ರಲ್ಲಿ ಹಲಸಂಗಿಯ ಗೆಳೆಯರು ಹೊರತಂದ ‘ಗರತಿಯ ಹಾಡು’ ಸಂಕಲನದಿಂದ ಮೊದಲುಗೊಂಡು ತ್ರಿಪದಿ ಸಂಗ್ರಹಗಳಲ್ಲಿ ತವರು ಅಷ್ಟು ದೊಡ್ಡ ಸ್ಥಾನ ಪಡೆದಿರುವುದನ್ನು ಓದುವಾಗ ಈ ಹಿನ್ನೆಲೆಯನ್ನು ನೆನಪಿಡುವುದು ಒಳಿತು. ‘ದುಂಡಗಾಗಿದ್ದೀ’ ಎಂಬ ತಾಯಿಯ ಮಾತಿನಲ್ಲಿ ಒಂದು ನಿಟ್ಟುಸಿರು ಇಳಿದಿರುತ್ತದೆ.

ತುಂಬಿದ ಮೈಯನ್ನು ಹೊಗಳುವುದು ಒಳ್ಳೆಯದಾದರೂ ಅಪಾಯಕಾರಿ. ಹೊಗಳಿಕೆಯ ಬೆನ್ನಿಗೇ ದೃಷ್ಟಿಯ ಭಯವಿದೆ. ಕೆಲವು ಕಡೆ ಕಣ್ಣೆಸರು ಎಂದು ಕರೆಯುವ ಈ ಭಯದಿಂದಾಗಿಯೇ ಕೂಸಿನ ಕೆನ್ನೆಗೆ ಕಪ್ಪು ಬೊಟ್ಟು ಇಡುತ್ತಾರೆ. ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುತ್ತಾರೆ. ದುಂಡಗಿನ ಕೂಸನ್ನು ‘ಎಷ್ಟು ಚೆನ್ನಾಗಿ ಮೈತುಂಬಿಕೊಂಡಿದೆ’ ಎಂದು ನೇರವಾಗಿ ಹೇಳಿದವರನ್ನು ಮನೆಯ ಮುದುಕಿಯರು ಅನುಮಾನದಿಂದ ನೋಡುತ್ತಾರೆ. ಆದ್ದರಿಂದ ಪ್ರೀತಿಯುಳ್ಳವರು ‘ಏನೋ ಡುಮ್ಮ’, ‘ಬಾರೋ ಠೊಣಪ’ ಎಂದು ತೆಗಳಿಕೆಯ ರೂಪದ ಮಾತನ್ನೇ ಆಡುತ್ತಾರೆ. ಹಿಂದಿನ ಮಕ್ಕಳು ಉಳಿಯದ ಮನೆಯಲ್ಲಿ ಹುಟ್ಟಿದ ಕೂಸಿಗೆ ತಿಪ್ಪಯ್ಯ, ತಿಪ್ಪಮ್ಮ ಎಂದು ಕಸದ ತಿಪ್ಪೆಯ ಹೆಸರಿಡುವ ರೂಢಿಯ ಹಿಂದೆ ಇರುವ ತರ್ಕವೇ ಇಲ್ಲಿಯೂ ಇದೆ. ಇಲ್ಲಿ ಹೊಗಳಿಕೆಯೇ ಕೇಡು, ಬೈಗುಳವೇ ಕಾಪು. ಹೀಗಾಗಿ ಪದದ ಹೊರರೂಪವನ್ನು ನೋಡಿ ಇದು ನಿಂದೆ, ಇದು ಸ್ತುತಿ ಎಂದು ವಿಂಗಡಿಸಹೊರಟ ಸಂಗ್ರಾಹಕ ತಪ್ಪುವ ಸಾಧ್ಯತೆಯೇ ಹೆಚ್ಚು.

ಹಾಗೆಂದ ಮಾತ್ರಕ್ಕೆ ತುಂಬಿದ ಮೈ ಎಲ್ಲರಲ್ಲಿಯೂ ಮೆಚ್ಚುಗೆಗೆ ಪಾತ್ರವಾಗಿತ್ತು ಎಂದು ತೀರ್ಮಾನಿಸಬಾರದು. ಯಾರ ಮೈ ತುಂಬಿದೆ ಎಂಬುದು ಬಹು ಮುಖ್ಯ. ಈ ದೃಷ್ಟಿಯಿಂದ ‘ಕೊಬ್ಬು’ ಎಂಬ ಪದ ವಿಶೇಷ ಪರಿಶೀಲನೆಗೆ ಯೋಗ್ಯವಾದುದು. ಮೈಯಲ್ಲಿನ ಮೇದಸ್ಸಿಗೂ ಮನಸ್ಸಿನ ಸೊಕ್ಕಿಗೂ ಕನ್ನಡದಲ್ಲಿ ಇದೊಂದೇ ಪದ. ಆಳುಮಗನ ಮೈ ಸ್ವಲ್ಪ ತುಂಬಿ, ಅವನು ಕೂಲಿಯನ್ನು ಕೇಳಿ ಪಡೆಯತೊಡಗಿದರೆ ಧಣಿಯ ಬಾಯಿಂದ ಬರುವ ಮಾತು ‘ಕೊಬ್ಬಿದ್ದಾನೆ’. ಎದುರಾಡಿದ ಸೊಸೆಗೂ, ತಲೆಯೆತ್ತಿ ನಡೆದ ಕೆಳಜಾತಿಯ ಹುಡುಗನಿಗೂ ಇದೇ ಮಾತು. ‘ತಿಂದು ಕೊಬ್ಬಿದ್ದಾನೆ’ ಎಂಬುದರ ಒಳದನಿಯನ್ನು ಬಿಡಿಸಿದರೆ, ತಿಂದ ಅನ್ನ ಅವನ ಹಕ್ಕಿನದಲ್ಲ, ಇವರು ಹಾಕಿದ್ದು ಎಂಬ ನಂಬಿಕೆ ಹೊರಬೀಳುತ್ತದೆ. ಇದೇ ಧಣಿಯ ಮೈ ಇದಕ್ಕಿಂತ ಇಮ್ಮಡಿಯಿದ್ದರೂ ಅವರು ‘ಮೈತುಂಬಿಕೊಂಡಿದ್ದಾರೆ’, ‘ಮುಖದಲ್ಲಿ ಕಳೆ ಬಂದಿದೆ’. ಅವರನ್ನು ಗುಡಾಣಹೊಟ್ಟೆಯವ ಎಂದು ಕರೆಯುವ ಮಾತೂ ಇದ್ದೇ ಇದೆ, ಆದರೆ ಅದು ಗದ್ದೆಯ ಬದುವಿನಲ್ಲಿ, ಅವರು ಮರೆಯಾದ ಮೇಲೆ. ಗುಂಡ, ದಡಿಯ, ಸಣಕಲ ಮುಂತಾದ ಪದಗಳಲ್ಲಿ ಯಾವುದನ್ನೂ ಬಹುವಚನದ ಮರ್ಯಾದೆಯೊಡನೆ ಕರೆಯಲು ಬರುವುದಿಲ್ಲ ಎಂಬುದನ್ನೂ ಇಲ್ಲಿ ಗಮನಿಸಬೇಕು. ರಚನೆಯಿಂದಲೇ ಅವು ಕೆಳಮುಖವಾಗಿ ಅಥವಾ ಸಮಾನರ ನಡುವೆ ಹರಿಯುವ ಪದಗಳು.

ದುಡಿಮೆಯೂ ಇನ್ನೊಂದು ಅಳತೆಗೋಲು. ಮೂಟೆ ಹೊರುವ, ನೇಗಿಲು ಹಿಡಿಯುವ ದೊಡ್ಡ ಮೈ ‘ಕಟ್ಟುಮಸ್ತಾದ ಆಳು’. ಕೂತು ಉಣ್ಣುವ ದೊಡ್ಡ ಮೈ ‘ಅನ್ನಕ್ಕೆ ದಂಡ, ಭೂಮಿಗೆ ಭಾರ’. ಮೈಸೂರಿನ ಗರಡಿಮನೆಗಳಲ್ಲಿ ಪೈಲ್ವಾನ ಎಂಬುದು ಗಳಿಸಬೇಕಾದ ಬಿರುದು. ಅದೇ ಪದವನ್ನು ತೆಳ್ಳನೆಯ ಹುಡುಗನಿಗೆ ‘ಕಡ್ಡಿ ಪೈಲ್ವಾನ್’ ಎಂದು ತೊಡಿಸಿದಾಗ ಗೇಲಿಯಾಗುತ್ತದೆ.

ಗೇಲಿಗೂ ಅದರದೇ ಆದ ಕಟ್ಟಳೆಗಳಿವೆ. ಕೆಲವು ಬಂಧುಗಳ ನಡುವೆ ಗೇಲಿ ಮಾಡುವುದು ಬರಿಯ ಅನುಮತಿಯಲ್ಲ, ಕರ್ತವ್ಯವೇ ಎಂದು ರಾಡ್‌ಕ್ಲಿಫ್-ಬ್ರೌನ್ 1940ರಲ್ಲಿ ಬರೆದ ಪ್ರಬಂಧ ಮಾನವಶಾಸ್ತ್ರದಲ್ಲಿ ಪ್ರಸಿದ್ಧವಾದುದು. ಕನ್ನಡ ನಾಡಿನ ಭಾವ–ಮೈದುನರು, ಅತ್ತಿಗೆ–ಮೈದುನರು, ಸೋದರತ್ತೆಯ ಮಕ್ಕಳು ಈ ವ್ಯಾಪ್ತಿಯೊಳಗೆ ಬರುತ್ತಾರೆ. ಭಾವ ‘ಏನು ದಡಿಯಾ’ ಎಂದರೆ ನಗೆ. ಅದೇ ಮಾತನ್ನು ಮಾವ ಅಳಿಯನಿಗೆ ಅಂದರೆ ಜಗಳ. ಮದುವೆಗಳಲ್ಲಿ ಹೆಂಗಸರು ಹಾಡುವ ಬೀಗರ ಗೇಲಿಯ ಹಾಡುಗಳಲ್ಲಿ ಬೀಗಿತ್ತಿಯ ಹೊಟ್ಟೆ, ಹಲ್ಲು, ಮೂಗು, ನಡಿಗೆ ಯಾವುದಕ್ಕೂ ವಿನಾಯಿತಿಯಿಲ್ಲ. ಹಾಡಿಸಿಕೊಂಡವಳು ಮುನಿಸಿಕೊಳ್ಳುವಂತಿಲ್ಲ, ಅವಳ ಕಡೆಯವರು ಮರುಹಾಡು ಕಟ್ಟಬಹುದು. ಹೊಸ ನಂಟಿನಲ್ಲಿ ಸಹಜವಾಗಿಯೇ ಇರುವ ಬಿಗುವನ್ನು ಮೈಯ ಮೇಲೆ ಹಾಕಿ ನಗಿಸಿ ಕಳೆಯುವ ಉಪಾಯವಿದು. ಚಪ್ಪರ ಬಿಚ್ಚಿದ ಮರುದಿನ ಅದೇ ಮಾತನ್ನು ಆಡಿದರೆ ನಂಟೇ ಮುರಿಯಬಹುದು.

ತನ್ನ ಮೇಲೆ ಬಿದ್ದ ಪದವನ್ನು ತಾನೇ ಎತ್ತಿಕೊಂಡು ಬಿರುದಾಗಿಸಿಕೊಂಡ ಉದಾಹರಣೆ ಚಿತ್ರರಂಗದಲ್ಲಿದೆ. ನಟ, ನಿರ್ಮಾಪಕ ದ್ವಾರಕೀಶ್ (1942–2024) ಅವರನ್ನು ನಾಡು ‘ಕುಳ್ಳ’ ಎಂದೇ ಕರೆಯಿತು. ಅವರ ಚಿತ್ರಗಳ ಹೆಸರುಗಳಲ್ಲಿಯೇ ಆ ಪದ ಸೇರಿಕೊಂಡಿತು: ‘ಕುಳ್ಳ ಏಜೆಂಟ್ 000’ (1972), ‘ಕಳ್ಳ ಕುಳ್ಳ’ (1975), ‘ಪ್ರಚಂಡ ಕುಳ್ಳ’ (1984). ಭಿತ್ತಿಪತ್ರದ ಮೇಲೆ ಹಿಗ್ಗಿನಿಂದ ಕಾಣಿಸಿಕೊಂಡ ಈ ಪದ ಶಾಲೆಯ ಕೊನೆಯ ಬೆಂಚಿನ ಗಿಡ್ಡ ಹುಡುಗನಿಗೆ ಅಷ್ಟೇ ಹಿಗ್ಗು ತಂದಿತೇ ಎಂಬುದು ಬೇರೆ ಮಾತು. ಬಿರುದನ್ನು ಆರಿಸಿಕೊಂಡವರಿಗೂ ಹೇರಿಸಿಕೊಂಡವರಿಗೂ ಪದ ಒಂದೇ ಆದರೂ ಭಾರ ಒಂದೇ ಅಲ್ಲ. ಹೆಣ್ಣಿನ ವಿಷಯದಲ್ಲಂತೂ ಈ ಭಾರ ಇನ್ನೂ ಹೆಚ್ಚು. ಹೆಣ್ಣು ನೋಡಲು ಬಂದವರು ಎದುರಿಗೆ ‘ಲಕ್ಷಣವಾಗಿದ್ದಾಳೆ’ ಎಂದು ಹೇಳಿ, ಹೊರಗೆ ಹೋಗಿ ‘ಸ್ವಲ್ಪ ದಪ್ಪ’ ಎಂದು ಹೇಳಿ ಕಳುಹಿಸುವುದನ್ನು ಬಲ್ಲದ ಮನೆಗಳು ಕಡಿಮೆ. ‘ತೆಳ್ಳಗೆ ಬೆಳ್ಳಗೆ’ ಎಂಬ ಜೋಡಿನುಡಿ ವಧುವಿನ ಅಳತೆಯಾಗಿ ಎಷ್ಟು ಬೇರೂರಿದೆಯೆಂದರೆ ಅದರಲ್ಲಿ ಪ್ರಾಸ ಎಷ್ಟು, ತೀರ್ಪು ಎಷ್ಟು ಎಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಕಳೆದ ಕೆಲವು ದಶಕಗಳಲ್ಲಿ ಈ ಪದಗಳ ದಿಕ್ಕೇ ಬದಲಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕ ಹೆಂಗಸರಲ್ಲಿ ನೂರಕ್ಕೆ ಸುಮಾರು 30 ಮಂದಿ ಅಧಿಕ ತೂಕದವರು. ನೂರಕ್ಕೆ ಸುಮಾರು 17 ಮಂದಿ ಇರಬೇಕಾದುದಕ್ಕಿಂತ ಕಡಿಮೆ ತೂಕದವರು. ಒಂದೇ ನಾಡಿನಲ್ಲಿ ಎರಡು ಹಸಿವುಗಳು ಏಕಕಾಲದಲ್ಲಿವೆ ಎಂದಂತಾಯಿತು. ‘ಸಣ್ಣಗಾಗಿದ್ದೀಯ’ ಎಂಬ ಮಾತು ಈಗ ನಗರದ ಕಚೇರಿಯಲ್ಲಿ ಅಭಿನಂದನೆ, ಕೇಳಿದವರು ‘ನಿಜವಾಗ್ಲೂನಾ?’ ಎಂದು ಮತ್ತೊಮ್ಮೆ ಕೇಳಿ ಸಂತೋಷಪಡುತ್ತಾರೆ. ಅದೇ ಮಾತು ಊರಿನಲ್ಲಿ ಆತಂಕ: ಕಾಯಿಲೆಯೇ, ಚಿಂತೆಯೇ, ಮನೆಯಲ್ಲಿ ಸರಿಯಿಲ್ಲವೇ? ಸ್ಲಿಮ್, ಫಿಟ್ ಎಂಬ ಇಂಗ್ಲಿಷ್ ಪದಗಳು ಕನ್ನಡದೊಳಕ್ಕೆ ಬಂದಿರುವುದು ಕೇವಲ ಷೋಕಿಯಿಂದ ಅಲ್ಲವೆಂದು ತೋರುತ್ತದೆ. ತೆಳುಮೈಯನ್ನು ಮೆಚ್ಚಿ ಹೇಳಲು ಆಡುಮಾತಿನಲ್ಲಿ ತಕ್ಕ ಪದವೇ ಇರಲಿಲ್ಲ. ಇದ್ದವೆಲ್ಲ ಸೊರಗು, ಬಡವಾಗು, ಇಳಿದುಹೋಗು ಎಂಬ ದುಃಖದ ಪದಗಳು. ಬಡನಡು ಕಾವ್ಯದಿಂದ ಹೊರಗೆ ಬಂದಿರಲಿಲ್ಲ.

ರಜೆಗೆ ಊರಿಗೆ ಬಂದ ಮೊಮ್ಮಗಳನ್ನು ಅಜ್ಜಿ ‘ದುಂಡಗಾಗಿದ್ದೀ ಮಗಾ’ ಎಂದು ಬರಮಾಡಿಕೊಂಡಾಗ ಮೊಮ್ಮಗಳ ಮುಖ ಬಾಡುವುದು, ಎರಡನೆಯ ರೊಟ್ಟಿಯನ್ನು ಬೇಡವೆನ್ನುವುದು ಈಗ ಅಪರೂಪದ ದೃಶ್ಯವಲ್ಲ. ಅಜ್ಜಿ ಆಡಿದ್ದು ಏನೆಂಬುದಕ್ಕೆ ಜನಪದರಲ್ಲಿಯೇ ಒಂದು ಪರೀಕ್ಷೆಯಿದೆ. ಸಂಜೆ ದೀಪ ಹಚ್ಚಿದ ಮೇಲೆ ಅವಳು ಉಪ್ಪು, ಒಣಮೆಣಸಿನಕಾಯಿಯನ್ನು ಮುಷ್ಟಿಯಲ್ಲಿ ಹಿಡಿದು ಮೊಮ್ಮಗಳ ಮುಖದ ಮುಂದೆ ಮೂರು ಸಲ ಸುಳಿಸಿ ಒಲೆಗೆ ಹಾಕುತ್ತಾಳೆ. ಬೈದವರಿಗೆ ಯಾರೂ ದೃಷ್ಟಿ ತೆಗೆಯುವುದಿಲ್ಲ.