ಮೇಲಿನ ವ್ಯಾಸಂಗವೂ ಮರೆವಿನ ಲೆಕ್ಕವೂ

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ಹಾದಿಯಲ್ಲಿ ಕಬ್ಬಿನ ಗದ್ದೆಗಳ ನಡುವೆ ಭಾರತೀನಗರವಿದೆ. ಹಿರಿಯರ ಬಾಯಲ್ಲಿ ಅದು ಇಂದಿಗೂ ಕಾಳಮುದ್ದನದೊಡ್ಡಿ. ಚಿಕ್ಕದಾಗಿ ಹೇಳುವವರಿಗೆ ಕೆ. ಎಂ. ದೊಡ್ಡಿ. ಊರಿಗೆ ಒಂದು ಸಕ್ಕರೆ ಕಾರ್ಖಾನೆಯುಂಟು. ಜಿ. ಮಾದೇಗೌಡರು ಕಟ್ಟಿ ಬೆಳೆಸಿದ ಭಾರತೀ ಎಜುಕೇಷನ್ ಟ್ರಸ್ಟಿನಿಂದಾಗಿ ಪದವಿ ಕಾಲೇಜೂ ಔಷಧ ವಿಜ್ಞಾನದ ಕಾಲೇಜೂ ಇಲ್ಲಿವೆ. ಇಂಥ ಊರಿನಲ್ಲಿ ಬಿ. ಫಾರ್ಮ್ ಓದುತ್ತಿರುವ ವಿದ್ಯಾರ್ಥಿಯು ಅದರ ಮೇಲಿನ ವ್ಯಾಸಂಗಕ್ಕೆ ಹೇಗೆ ಅಣಿಯಾಗಬೇಕು, ಅದಕ್ಕಿಂತ ಮುಖ್ಯವಾಗಿ ಎಂದಿನಿಂದ ಅಣಿಯಾಗಬೇಕು ಎಂಬುದನ್ನು ಇಲ್ಲಿ ವಿಚಾರಮಾಡೋಣ.

ಎಂ. ಫಾರ್ಮ್ ಸೇರಬಯಸುವವರಿಗಾಗಿ ವರ್ಷಕ್ಕೊಮ್ಮೆ ಜಿಪ್ಯಾಟ್ ಎಂಬ ಅಖಿಲ ಭಾರತ ಪರೀಕ್ಷೆ ನಡೆಯುತ್ತದೆ. ೨೦೨೪ರಿಂದ ಅದನ್ನು ನಡೆಸುತ್ತಿರುವುದು ವೈದ್ಯವಿಜ್ಞಾನಗಳ ರಾಷ್ಟ್ರೀಯ ಪರೀಕ್ಷಾ ಮಂಡಳಿ. ಪ್ರಶ್ನೆಗಳು ೧೨೫, ಅಂಕಗಳು ೫೦೦, ಅವಧಿ ಮೂರು ಗಂಟೆ. ಮೊಹಾಲಿ, ಹೈದರಾಬಾದು ಮೊದಲಾದೆಡೆಗಳಲ್ಲಿರುವ ರಾಷ್ಟ್ರೀಯ ಔಷಧ ಶಿಕ್ಷಣ ಮತ್ತು ಸಂಶೋಧನ ಸಂಸ್ಥೆಗಳ ಎಂ. ಫಾರ್ಮ್ ತರಗತಿಯ ಮೇಲೆ ಕಣ್ಣಿಟ್ಟವರೂ ಮೊದಲು ಈ ಹೊಳೆಯನ್ನು ದಾಟಬೇಕು. ಇದರಲ್ಲಿ ತೇರ್ಗಡೆಯಾಗಿ, ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿಯ ಮನ್ನಣೆಯುಳ್ಳ ಕಾಲೇಜನ್ನು ಪೂರ್ಣಕಾಲಿಕವಾಗಿ ಸೇರಿದವರಿಗೆ, ನಿಯಮಗಳಿಗೆ ಒಳಪಟ್ಟು, ತಿಂಗಳಿಗೆ ೧೨,೪೦೦ ರೂಪಾಯಿಯಂತೆ ಎರಡು ವರ್ಷ ವಿದ್ಯಾರ್ಥಿವೇತನ ದೊರೆಯುತ್ತದೆ. ಒಟ್ಟು ೨,೯೭,೬೦೦ ರೂಪಾಯಿ! ಕಬ್ಬು ಕಡಿದು ಹಣಕ್ಕಾಗಿ ಕಾಯುವ ಮನೆಯ ಮಗಳು ಮುಂದೆ ಓದುವಳೋ, ಪದವಿಗೇ ನಿಲ್ಲಿಸುವಳೋ ಎಂಬುದನ್ನು ಈ ಮೊತ್ತ ತೀರ್ಮಾನಿಸಬಲ್ಲದು.

ಹೀಗಿರಲು ಬಹುಮಂದಿ ವಿದ್ಯಾರ್ಥಿಗಳು ಜಿಪ್ಯಾಟಿನ ಹೆಸರೆತ್ತುವುದು ಕೊನೆಯ ವರ್ಷದಲ್ಲಿ. ಆದರೆ ಪರೀಕ್ಷೆಯ ವಿಷಯಗಳು ಕೊನೆಯ ವರ್ಷದವಲ್ಲ. ಶರೀರಕ್ರಿಯಾಶಾಸ್ತ್ರ, ಅಕಾರ್ಬನಿಕ ರಸಾಯನ, ಔಷಧ ವಿಶ್ಲೇಷಣೆ ಇವೆಲ್ಲ ಮೊದಲ ಸೆಮಿಸ್ಟರಿನ ಪಾಠಗಳು. ಅವನ್ನು ಕಲಿತ ದಿನಕ್ಕೂ ಪರೀಕ್ಷೆಯ ದಿನಕ್ಕೂ ಮೂರು ವರ್ಷಕ್ಕೂ ಮೀರಿದ ಅಂತರ. ನಡುವೆ ಏನಾಗುತ್ತದೆ?

ಈ ಪ್ರಶ್ನೆಯನ್ನು ಅಳತೆಗೋಲು ಹಿಡಿದು ಕೇಳಿದವನು ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್. ಅರ್ಥವಿಲ್ಲದ ಅಕ್ಷರಗುಚ್ಛಗಳ ಪಟ್ಟಿಗಳನ್ನು ತಾನೇ ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿತು, ಎರಡನೆಯ ಸಲಕ್ಕೆ ಎಷ್ಟು ಶ್ರಮ ಉಳಿಯಿತೆಂದು ಲೆಕ್ಕವಿಟ್ಟನು. ೧೮೮೫ರಲ್ಲಿ ಅವನು ಪ್ರಕಟಿಸಿದ ಲೆಕ್ಕ ಇದು: ಇಪ್ಪತ್ತು ನಿಮಿಷದ ತರುವಾಯ ಉಳಿತಾಯ ನೂರಕ್ಕೆ ೫೮, ಒಂದು ದಿನದ ತರುವಾಯ ೩೪, ಒಂದು ತಿಂಗಳ ತರುವಾಯ ೨೧. ಮರೆವು ಮೊದಲು ಕಡಿದಾದ ಇಳಿಜಾರು, ಆಮೇಲೆ ಬಯಲು. ಕಲಿತದ್ದು ಪೂರ್ತಿ ಅಳಿಯದೆ ತಳದಲ್ಲಿ ಸ್ವಲ್ಪ ಉಳಿದೇ ಇರುತ್ತದೆಂಬುದನ್ನೂ ಗಮನಿಸಬೇಕು. ಆದುದರಿಂದ ಎರಡನೆಯ ಸಲದ ಓದು ಮೊದಲಿನಷ್ಟು ದುಬಾರಿಯಲ್ಲ. ಅರ್ಥವಿರುವ ಪಾಠವಂತೂ ಅರ್ಥವಿಲ್ಲದ ಅಕ್ಷರಗಳಿಗಿಂತ ಹೆಚ್ಚು ಕಾಲ ನಿಲ್ಲುತ್ತದೆ.

ಹಾಗಾದರೆ ಮತ್ತೆ ಮತ್ತೆ ಓದಿದರೆ ಸಾಕಲ್ಲವೆ? ಸಾಲದು. ೨೦೦೬ರಲ್ಲಿ ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕಿ ಎಂಬ ಮನೋವಿಜ್ಞಾನಿಗಳು ಕಾಲೇಜು ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ನಡೆಸಿದರು. ಒಂದು ಪಾಠವನ್ನು ಎರಡು ಬಾರಿ ಓದಿಸಿದರು. ಇನ್ನೊಂದನ್ನು ಒಮ್ಮೆ ಓದಿಸಿ, ಹಾಳೆ ಮುಚ್ಚಿ, ನೆನಪಾದುದನ್ನೆಲ್ಲ ಬರೆಯಿಸಿದರು. ಐದು ನಿಮಿಷದ ತರುವಾಯ ಪರೀಕ್ಷಿಸಿದಾಗ ಎರಡು ಬಾರಿ ಓದಿದವರೇ ಮುಂದು: ನೂರಕ್ಕೆ ೮೧, ಬರೆದವರದು ೭೫. ವಾರ ಕಳೆದ ಮೇಲಾದರೋ ಓದಿದವರದು ೪೨ಕ್ಕೆ ಇಳಿದಿತ್ತು, ಬರೆದವರದು ೫೬ರಲ್ಲಿ ನಿಂತಿತ್ತು. ಪುಸ್ತಕ ತೆರೆದು ಗೆರೆ ಎಳೆಯುತ್ತ ಕುಳಿತಾಗ ಎಲ್ಲವೂ ತಿಳಿದಂತೆ ತೋರುವುದು ಆ ಐದು ನಿಮಿಷದ ಭ್ರಮೆ. ಪುಸ್ತಕ ಮುಚ್ಚಿ ಬರೆಯುವುದು ಕಷ್ಟ. ಕಷ್ಟವಾಗಿರುವುದರಿಂದಲೇ ಅದು ನಿಲ್ಲುತ್ತದೆ ಎನ್ನಬಹುದು.

ಎರಡನ್ನೂ ಕೂಡಿಸಿದರೆ ಸಿದ್ಧತೆಯ ಕ್ರಮ ತಾನಾಗಿ ಮೂಡುತ್ತದೆ. ಕಳೆದ ಸೆಮಿಸ್ಟರುಗಳ ವಿಷಯಗಳಿಗಾಗಿ ವಾರಕ್ಕೆ ಎರಡು ಗಂಟೆ ಮೀಸಲಿಡಿ. ಪುಸ್ತಕ ಮುಚ್ಚಿ ಒಂದು ಅಧ್ಯಾಯವನ್ನು ನೆನಪಿನಿಂದ ಬರೆಯಿರಿ; ಬಳಿಕ ತೆರೆದು ತಪ್ಪು ತಿದ್ದಿಕೊಳ್ಳಿ. ಅದೇ ಅಧ್ಯಾಯಕ್ಕೆ ಮೂರು ವಾರಗಳ ನಂತರ ಮರಳಿ ಬನ್ನಿ. ಪರೀಕ್ಷೆ ವರ್ಷದಾಚೆಗಿರುವಾಗ ಸುಮಾರು ಇಷ್ಟು ಅಂತರವೇ ಫಲಕಾರಿಯೆಂದು ಮುಂದಿನ ಪ್ರಯೋಗಗಳು ತೋರಿಸಿವೆ.

ಏನನ್ನು ಬರೆಯಬೇಕು? ವ್ಯಾಖ್ಯೆಗಳನ್ನಲ್ಲ, ಕಾರಣಗಳನ್ನು. ಒಂದು ಉದಾಹರಣೆ ನೋಡಿ. ಅಸಿಟಿಕ್ ಆಮ್ಲವನ್ನು ಕಾಸ್ಟಿಕ್ ಸೋಡದಿಂದ ತಟಸ್ಥಗೊಳಿಸುವಾಗ ಫೀನಾಫ್ತಲೀನ್ ಹಾಕುತ್ತೇವೆ, ಮೀಥೈಲ್ ಆರೆಂಜನ್ನು ಹಾಕುವುದಿಲ್ಲ; ಏಕೆ? ಆಮ್ಲ ಮುಗಿದಾಗ ಉಳಿಯುವ ಅಸಿಟೇಟ್ ಅಯಾನು ನೀರಿನಿಂದ ಹೈಡ್ರೊಜನ್ ಅಯಾನನ್ನು ಕಸಿದು ದ್ರಾವಣವನ್ನು ತುಸು ಕ್ಷಾರೀಯಗೊಳಿಸುತ್ತದೆ. ಸಾಮಾನ್ಯ ಸಾರತೆಗಳಲ್ಲಿ ಆಗಿನ ಪಿಎಚ್ ಸುಮಾರು ೮.೭. ಫೀನಾಫ್ತಲೀನಿನ ಬಣ್ಣ ತಿರುಗುವುದು ೮.೨ರಿಂದ ೧೦ರೊಳಗೆ, ಮೀಥೈಲ್ ಆರೆಂಜಿನದು ೩.೧ರಿಂದ ೪.೪ರೊಳಗೆ, ಎಂದರೆ ಕೆಲಸ ಮುಗಿಯುವ ಬಹಳ ಮೊದಲೇ. ದುರ್ಬಲ ಆಮ್ಲದ ಈ ನಡತೆಯನ್ನು ಬಲ್ಲವನಿಗೆ, ಜಠರದ ಹುಳಿಯಲ್ಲಿ ಆಸ್ಪಿರಿನ್ ಬಹುಮಟ್ಟಿಗೆ ಅಯಾನಾಗದೆ ಉಳಿದು ಪೊರೆಗಳನ್ನು ಸುಲಭವಾಗಿ ದಾಟುವುದೇಕೆಂಬುದೂ ಹೊಸ ಪಾಠವಾಗಿ ತೋರದು. ಮೊದಲ ಸೆಮಿಸ್ಟರಿನ ಬ್ಯೂರೆಟ್ಟು ಆರನೆಯ ಸೆಮಿಸ್ಟರಿನ ಪಾಠಕ್ಕೆ ಉತ್ತರ ಹೇಳುತ್ತದೆ. ಪ್ರಯೋಗಶಾಲೆಯ ದಾಖಲೆಯನ್ನು ಗೆಳೆಯನ ಪುಸ್ತಕದಿಂದ ನಕಲು ಮಾಡುವವರು ಕಳೆದುಕೊಳ್ಳುವುದು ಇದನ್ನೇ.

ಪ್ರಶ್ನೆಪತ್ರಿಕೆ ಇಂಗ್ಲಿಷಿನಲ್ಲಿರುತ್ತದೆ. ಕನ್ನಡ ಮಾಧ್ಯಮದಿಂದ ಬಂದವರು ಇದಕ್ಕೆ ಅಂಜಬೇಕಾಗಿಲ್ಲ. ಕಾರಣವನ್ನು ಕನ್ನಡದಲ್ಲಿ ಬರೆದು, ಪಾರಿಭಾಷಿಕ ಪದವನ್ನು ಇಂಗ್ಲಿಷಿನಲ್ಲಿ ಪಕ್ಕದಲ್ಲಿಟ್ಟುಕೊಳ್ಳುವುದು ಒಳ್ಳೆಯ ಅಭ್ಯಾಸ. ತಿಳಿವಳಿಕೆ ಒಂದು ಭಾಷೆಯಲ್ಲಿ ಗಟ್ಟಿಯಾದರೆ ಇನ್ನೊಂದಕ್ಕೆ ದಾಟುವುದು ಪದಗಳ ಕೆಲಸ ಮಾತ್ರ.

ಇನ್ನು ಊಹೆಯ ಮಾತು. ಸರಿಯುತ್ತರಕ್ಕೆ ೪ ಅಂಕ, ತಪ್ಪಿಗೆ ೧ ಅಂಕ ಕಡಿತ. ಆದುದರಿಂದ ಊಹಿಸಲೇಬಾರದೆಂದು ಹಲವರು ಬೋಧಿಸುತ್ತಾರೆ. ಗಣಿತ ಹಾಗೆನ್ನುವುದಿಲ್ಲ. ನಾಲ್ಕು ಆಯ್ಕೆಗಳಲ್ಲಿ ಕಣ್ಣುಮುಚ್ಚಿ ಒಂದನ್ನು ಗುರುತಿಸಿದರೆ ಸರಾಸರಿ ಲಾಭ ಕಾಲು ಅಂಕ. ಎರಡನ್ನು ತಪ್ಪೆಂದು ಖಚಿತವಾಗಿ ಬಲ್ಲವನಿಗೆ ಒಂದೂವರೆ ಅಂಕ. ಆದರೆ ೧೨೫ ಪ್ರಶ್ನೆಗಳಿಗೂ ಕಣ್ಣುಮುಚ್ಚಿದವನಿಗೆ ಸರಾಸರಿ ಸಿಗುವುದು ೫೦೦ಕ್ಕೆ ಸುಮಾರು ೩೧! ಅರೆತಿಳಿವಳಿಕೆಗೂ ಬೆಲೆಯುಂಟು, ಅದೃಷ್ಟಕ್ಕೆ ಬಹಳ ಕಡಿಮೆ.

ಬಿ. ಎಸ್‌ಸಿ. ಓದುವವರಿಗೂ ಒಂದು ಮಾತು. ಕಾರ್ಖಾನೆಯ ಚಿಮಣಿಯನ್ನು ದಿನವೂ ನೋಡುವ ಈ ಊರಿನ ರಸಾಯನ ವಿದ್ಯಾರ್ಥಿಗಳಲ್ಲಿ ಕಾನ್ಪುರದ ರಾಷ್ಟ್ರೀಯ ಸಕ್ಕರೆ ಸಂಸ್ಥೆಯ ಹೆಸರು ಕೇಳಿದವರು ವಿರಳವೆಂದೇ ನನ್ನ ಭಾವನೆ. ೧೯೩೬ರಲ್ಲಿ ಆರಂಭವಾದ ಆ ಸಂಸ್ಥೆ ವಿಜ್ಞಾನ ಪದವೀಧರರನ್ನು ಪ್ರವೇಶ ಪರೀಕ್ಷೆಯ ಮೂಲಕ ಆರಿಸಿ ಸಕ್ಕರೆ ತಂತ್ರಜ್ಞಾನವನ್ನು ಕಲಿಸುತ್ತದೆ. ಅರ್ಹತೆಯ ನಿಯಮಗಳು ಬದಲಾಗಬಹುದಾದ್ದರಿಂದ ಆಯಾ ವರ್ಷದ ಪ್ರಕಟಣೆಯನ್ನು ಎರಡನೆಯ ವರ್ಷದಲ್ಲಿರುವಾಗಲೇ ತರಿಸಿಕೊಂಡು ಓದುವುದು ಲೇಸು. ಪದವಿಯಲ್ಲಿ ಯಾವ ವಿಷಯಗಳು ಬೇಕೆಂಬುದು ಕೊನೆಯ ವರ್ಷದಲ್ಲಿ ತಿಳಿದರೆ ತಿದ್ದಿಕೊಳ್ಳಲು ಕಾಲವಿರುವುದಿಲ್ಲ.